ಕಾಯದ ಹೊರಗೋಡೆಯೂ ಮೊಸರಿನ ಜೀವಿಗಳೂ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಮುಗಿದು ವಿಜಯಪುರದ ಬೀದಿಗಳಲ್ಲಿ ಒಣಗಾಳಿ ಬೀಸತೊಡಗಿತೆಂದರೆ ನಮ್ಮ ಭಾಗದ ಮನೆಮನೆಗಳಲ್ಲಿಯೂ ಒಂದೇ ಬಗೆಯ ದೂರುಗಳು ಕೇಳಿಬರುತ್ತವೆ. ತುಟಿ ಒಡೆದಿದೆ, ಹಿಮ್ಮಡಿ ಸೀಳಿದೆ, ಕೂಸಿನ ಕೆನ್ನೆ ಬಿರುಸಾಗಿದೆ, ಹಿರಿಯರಿಗೆ ಕಣಕಾಲಿನ ತುರಿಕೆಯಿಂದ ರಾತ್ರಿ ನಿದ್ದೆಯಿಲ್ಲ. ಇವನ್ನೆಲ್ಲ ನಾವು ಸಣ್ಣ ಮಾತೆಂದು ತಳ್ಳಿಬಿಡುತ್ತೇವೆ. ಆದರೆ ಕಳೆದ ಮಾಘದಲ್ಲಿ ಗಾಂಧಿ ಚೌಕದ ಸಮೀಪದ ಅಂಗಡಿಯೊಂದರಲ್ಲಿ ನಾವು ಕಂಡ ಒಂದು ದೃಶ್ಯ, ಈ ಸಣ್ಣ ಮಾತಿನ ಹಿಂದೆ ದೊಡ್ಡ ಮಾತೊಂದಿದೆ ಎಂಬುದನ್ನು ಮನಗಾಣಿಸಿತು.

ತಿಕೋಟಾ ಕಡೆಯಿಂದ ಬಂದಿದ್ದ ತಾಯಿಯೊಬ್ಬರು ಕಾಲೇಜಿನಲ್ಲಿ ಓದುವ ಮಗಳೊಡನೆ ಅಲ್ಲಿ ನಿಂತಿದ್ದರು. ಮಗಳು ಕೈಯಲ್ಲಿ ಹಿಡಿದಿದ್ದ ಸಣ್ಣ ಸೀಸೆಯ ಮೇಲೆ ‘ಪ್ರೊಬಯಾಟಿಕ್’ ಎಂಬ ಹೆಸರಿತ್ತು. ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ, ಹಚ್ಚಿದರೆ ಚರ್ಮದ ತೇವ ಉಳಿದು ಮುಖ ಹೊಳೆಯುತ್ತದೆ ಎಂದು ಆಕೆ ತಾಯಿಗೆ ವಿವರಿಸುತ್ತಿದ್ದಳು. ತಾಯಿ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಎಣಿಸತೊಡಗಿದರು. ಆಗ ನಮ್ಮ ಕಣ್ಣು ಆ ಕೈಗಳ ಮೇಲೆ ಬಿದ್ದಿತು. ಬೆರಳುಗಳ ಗೆಣ್ಣುಗೆಣ್ಣಿನಲ್ಲಿ ಬಿರುಕು, ಅಂಗೈಯಲ್ಲಿ ಕೆಂಪು ಸೀಳು. ಒಣದ್ರಾಕ್ಷಿಯ ಘಟಕದಲ್ಲಿ ಹಣ್ಣು ಅದ್ದುವ ಕೆಲಸವೆಂದು ಅಂಗಡಿಯವರೊಡನೆ ಅವರು ಆಡಿದ ಮಾತಿನಿಂದ ತಿಳಿಯಿತು. ಎರಡು ದಿನದ ಕೂಲಿ ಆ ಸೀಸೆಗೆ ಸಂದಿತು. ತಾಯಿ ತಮ್ಮ ಕೈಗಾಗಿ ಏನನ್ನೂ ಕೇಳಲಿಲ್ಲ. ನಾವೂ ಬಾಯಿ ತೆರೆಯಲಿಲ್ಲ. ಆ ಮೌನದ ಋಣವನ್ನು ಈ ಸಂಚಿಕೆಯಲ್ಲಿ ತೀರಿಸಲು ಯತ್ನಿಸಿದ್ದೇವೆ.

ಮೊದಲು ಚರ್ಮದ ಮಾತು. ನಮ್ಮ ಚರ್ಮದ ಅತ್ಯಂತ ಹೊರಗಿನ ಪದರವು ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪ. ಅದರಲ್ಲಿರುವುದು ಜೀವ ಕಳೆದುಕೊಂಡು ಚಪ್ಪಟೆಯಾದ ಕೋಶಗಳ ಹದಿನೈದಿಪ್ಪತ್ತು ಸಾಲುಗಳು. ಬಹುಕಾಲ ವಿಜ್ಞಾನಿಗಳೂ ಇದನ್ನು ಉದುರಿಹೋಗುವ ಹೊಟ್ಟೆಂದೇ ಭಾವಿಸಿದ್ದರು. ಇಪ್ಪತ್ತನೆಯ ಶತಮಾನದ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಅಮೆರಿಕದ ಪೀಟರ್ ಇಲಿಯಾಸ್ ಮೊದಲಾದವರು ಇದು ಹೊಟ್ಟಲ್ಲ, ಬಲ್ಲವನು ಕಟ್ಟಿದ ಗೋಡೆ ಎಂಬುದನ್ನು ತೋರಿಸಿಕೊಟ್ಟರು. ಕೋಶಗಳು ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಜಿಡ್ಡು ಗಾರೆ. ನಮ್ಮ ಊರಿನವರಿಗೆ ಈ ಹೋಲಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಗೋಳಗುಮ್ಮಟದ ಗುಮ್ಮಟವು ಮೂರೂವರೆ ಶತಮಾನಗಳನ್ನು ದಾಟಿ ನಿಂತಿರುವುದು ಇಟ್ಟಿಗೆಯ ಬಲದಿಂದ ಮಾತ್ರವಲ್ಲ, ಸಾಲುಸಾಲಿನ ನಡುವೆ ದಪ್ಪವಾಗಿ ಹಾಕಿದ ಸುಣ್ಣದ ಗಾರೆಯಿಂದ ಕೂಡ.

ಚರ್ಮದ ಈ ಗಾರೆಯಲ್ಲಿ ಮೂರು ವಸ್ತುಗಳಿವೆ. ಸುಮಾರು ಅರ್ಧದಷ್ಟು ಸೆರಮೈಡ್ ಎಂಬ ಜಿಡ್ಡು, ಕಾಲು ಭಾಗದಷ್ಟು ಕೊಲೆಸ್ಟರಾಲ್, ಉಳಿದುದರಲ್ಲಿ ಬಹುಪಾಲು ಕೊಬ್ಬಿನ ಆಮ್ಲಗಳು. ಇಟ್ಟಿಗೆಗಳೊಳಗೆ ನೀರನ್ನು ಹಿಡಿದಿಡುವ ಇನ್ನೊಂದು ವ್ಯವಸ್ಥೆಯಿದೆ. ಫಿಲಾಗ್ರಿನ್ ಎಂಬ ಪ್ರೋಟೀನು ಒಡೆದು ಹುಟ್ಟುವ ಅಮೈನೊ ಆಮ್ಲಗಳು, ಅವುಗಳ ಜೊತೆಗೆ ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲದ ಲವಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಫಿಲಾಗ್ರಿನ್ ತಯಾರಿಸುವ ವಂಶವಾಹಿಯಲ್ಲಿ ದೋಷವಿರುವ ಮಕ್ಕಳಿಗೆ ಚರ್ಮ ಒಣಗುವ ಹಾಗೂ ಎಕ್ಸಿಮಾ ಎಂಬ ತುರಿಕೆಯ ಬೇನೆ ತಗಲುವ ಸಂಭವ ಹೆಚ್ಚೆಂದು 2006ರಲ್ಲಿ ತಿಳಿದುಬಂದಿತು. ‘ಈ ಕೂಸಿಗೆ ಸ್ನಾನ ಸರಿಯಾಗಿ ಮಾಡಿಸಿಲ್ಲ’ ಎಂದು ಬಾಣಂತಿಯನ್ನು ದೂರುವ ಅತ್ತೆಯಂದಿರು ಈ ಮಾತನ್ನು ಮನಸ್ಸಿಗೆ ತಂದುಕೊಂಡರೆ ಲೇಸು.

ಗೋಡೆ ಗಟ್ಟಿಯಿದ್ದರೂ ದಿನಕ್ಕೆ ಒಂದಿಷ್ಟು ನೀರು ಬೆವರಿಲ್ಲದೆಯೇ ಚರ್ಮದ ಮೂಲಕ ಆವಿಯಾಗುತ್ತದೆ. ಗಾರೆ ಸಡಿಲವಾದರೆ ಆ ಸೋರಿಕೆ ಹೆಚ್ಚುತ್ತದೆ. ಒಳಗಿನ ನೀರು ಹೊರಗೆ ಹೋಗುವ ದಾರಿಯೇ ಹೊರಗಿನ ಧೂಳು, ಸಾಬೂನು, ರೋಗಾಣು ಒಳಗೆ ಬರುವ ದಾರಿಯೂ ಆಗುತ್ತದೆ. ತುರಿಕೆ, ಕೆಂಪು, ಉರಿ ಇವೆಲ್ಲ ಆ ಒಡೆದ ಗೋಡೆಯ ಕೂಗು.

ಈ ಗೋಡೆ ಹೇಗೆ ಒಡೆಯುತ್ತದೆ ಎಂಬುದನ್ನು ತಿಳಿಯಲು ತಿಕೋಟಾ, ಬಬಲೇಶ್ವರಗಳ ಸುತ್ತಲಿನ ಮಣೂಕದ ಘಟಕಗಳನ್ನು ನೋಡಿದರೆ ಸಾಕು. ದ್ರಾಕ್ಷಿಯ ಸಿಪ್ಪೆಯ ಮೇಲೆ ನಿಸರ್ಗವು ಸಣ್ಣ ಮೇಣದ ಲೇಪವನ್ನಿಟ್ಟಿದೆ. ಅದಿರುವವರೆಗೆ ಹಣ್ಣಿನೊಳಗಿನ ನೀರು ಬೇಗನೆ ಹೊರಬಾರದು. ಆದುದರಿಂದ ರೈತರು ಲೀಟರು ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟು ಹಾಗೂ 15 ಮಿಲಿಲೀಟರು ‘ಡಿಪ್ಪಿಂಗ್ ಆಯಿಲ್’ ಬೆರೆಸಿ, ಗೊಂಚಲುಗಳನ್ನು ಕೆಲವು ನಿಮಿಷ ಅದರಲ್ಲಿ ಅದ್ದುತ್ತಾರೆ. ಮೇಣ ಸಡಿಲವಾಗುತ್ತದೆ. ಬಳಿಕ ನೆರಳಿನ ಬಲೆಗಳ ಮೇಲೆ ಹರವಿದರೆ ನಮ್ಮ ಒಣಗಾಳಿ ಸುಮಾರು ಎರಡು ವಾರಗಳಲ್ಲಿ ಉಳಿದ ಕೆಲಸವನ್ನು ಮುಗಿಸುತ್ತದೆ. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ಈ ಗಾಳಿಯೇ ನಮ್ಮ ಜಿಲ್ಲೆಯ ಭಾಗ್ಯ. ಅದಿಲ್ಲದಿದ್ದರೆ ಈ ಉದ್ಯೋಗವೇ ಇಲ್ಲ. ಆದರೆ ಹಣ್ಣಿನಿಂದ ನೀರು ಹೀರುವ ಗಾಳಿಯು ಮನುಷ್ಯನನ್ನು ಬಿಟ್ಟೀತೆ? ಮೇಣವನ್ನು ಸಡಿಲಿಸುವ ಕ್ಷಾರವು ಅದ್ದುವವರ ಕೈಯ ಜಿಡ್ಡನ್ನು ಉಳಿಸೀತೆ? ಅಂಗೈ-ಅಂಗಾಲುಗಳಲ್ಲಿ ಎಣ್ಣೆ ಒಸರುವ ಗ್ರಂಥಿಗಳೇ ಇಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ತಾಯಿಯ ಕೈಯ ಸೀಳುಗಳಿಗೆ ಕಾರಣ ಇದಕ್ಕಿಂತ ಬೇರೆ ಹುಡುಕಬೇಕಾಗಿಲ್ಲ.

ಘಟಕಕ್ಕೆ ಹೋಗದವರೂ ಮನೆಯಲ್ಲಿ ಇದೇ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳುತ್ತೇವೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಹುಳಿ. ಅದರ ಪಿಎಚ್ 4.5ರಿಂದ 5.5ರ ಆಸುಪಾಸು. ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು 1928ರಷ್ಟು ಹಿಂದೆಯೇ ಇದನ್ನು ‘ಆಮ್ಲದ ಹೊದಿಕೆ’ ಎಂದು ಕರೆದರು. ನಾವು ಬಳಸುವ ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಅದರ ಮೇಲೆ ನಮ್ಮ ಕೊಳವೆಬಾವಿಗಳ ಗಡಸು ನೀರು. ಅದರ ಸುಣ್ಣದಂಶವು ಸಾಬೂನಿನೊಡನೆ ಕೂಡಿ ಕರಗದ ಜಿಗಟಾಗಿ ಚರ್ಮದ ಮೇಲೆ ಕೂಡುತ್ತದೆ. ಗಡಸು ನೀರಿನಲ್ಲಿ ತೊಳೆದಾಗ ಸಾಬೂನಿನ ಶೇಷ ಹೆಚ್ಚು ಉಳಿದು ಚರ್ಮದ ತಡೆಗೋಡೆಗೆ ಹಾನಿಯಾಗುತ್ತದೆ ಎಂಬುದನ್ನು 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಇವೆರಡರ ಜೊತೆಗೆ ಚಳಿಗೆಂದು ಕುದಿಕುದಿ ನೀರು ಸೇರಿದರೆ ಗಾರೆ ಕರಗದೆ ಇನ್ನೇನಾದೀತು?

ಈ ಗೋಡೆಯ ಮೇಲೆ ಒಕ್ಕಲಿರುವ ಜೀವಿಗಳ ಮಾತು ಇನ್ನು ಮುಂದಿನದು. ಚರ್ಮದ ಮೇಲೆ ಬ್ಯಾಕ್ಟೀರಿಯಾಗಳಿವೆ ಎಂದರೆ ನಮ್ಮ ತಾಯಂದಿರು ಹೌಹಾರುತ್ತಾರೆ. ಆದರೆ ಅವುಗಳಲ್ಲಿ ಬಹುಪಾಲು ಶತ್ರುಗಳಲ್ಲ. ಬಾಡಿಗೆ ಕೊಟ್ಟು ಬಾಳುವ ಒಕ್ಕಲಿಗರು. ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಜೀವಿ ಎಲ್ಲರ ಚರ್ಮದ ಮೇಲೂ ಇರುತ್ತದೆ. ಅದು ಸ್ರವಿಸುವ ಕಿಣ್ವವೊಂದು ಚರ್ಮದ ಸೆರಮೈಡ್ ತಯಾರಿಕೆಗೆ ನೆರವಾಗುತ್ತದೆ ಎಂಬುದು 2022ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ. ಎಂದರೆ ಗೋಡೆಗೆ ಗಾರೆ ಕಲಸುವವರಲ್ಲಿ ಅದೂ ಒಂದು. ಚರ್ಮದ ಹುಳಿತನ ಕಡಿಮೆಯಾದಾಗ ಇಂತಹ ನೆರೆಯವರು ಸೊರಗಿ, ಸ್ಟೆಫಿಲೊಕಾಕಸ್ ಆರಿಯಸ್‌ನಂತಹ ಉಪದ್ರವಿಗಳು ತಲೆಯೆತ್ತುತ್ತವೆ.

ಹಾಗಾದರೆ ಒಳ್ಳೆಯ ಜೀವಿಗಳನ್ನು ಹೊರಗಿನಿಂದ ತಂದು ಹಚ್ಚಿದರೇನು? ‘ಪ್ರೊಬಯಾಟಿಕ್’ ಸೀಸೆಗಳ ಹಿಂದಿರುವ ಆಲೋಚನೆ ಇದೇ. ಇದರ ಬೇರು ನಮ್ಮ ಅಡಿಗೆಮನೆಯ ಮೊಸರಿನ ಗಡಿಗೆಯಲ್ಲಿದೆ. 1905ರಲ್ಲಿ ಸ್ಟಾಮೆನ್ ಗ್ರಿಗೊರೋವ್ ಎಂಬ ಬಲ್ಗೇರಿಯಾದ ಯುವಕ ತನ್ನ ನಾಡಿನ ಮೊಸರಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಜೀವಿಯನ್ನು ಗುರುತಿಸಿದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ, 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫ್ ಇಂತಹ ಜೀವಿಗಳು ಮನುಷ್ಯನ ಆರೋಗ್ಯಕ್ಕೆ ನೆರವಾಗುತ್ತವೆಂದು ವಾದಿಸಿದ. ಹಾಲನ್ನು ಹೆಪ್ಪುಗಟ್ಟಿಸುವ ಇನ್ನೊಂದು ಜೀವಿ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್. ನಮ್ಮ ಕಥೆಯ ನಾಯಕ ಇದೇ.

1999ರಲ್ಲಿ ಇಟಲಿಯ ಸಂಶೋಧಕರು ಈ ಜೀವಿಯನ್ನು ಶಬ್ದದ ಅಲೆಗಳಿಂದ ಒಡೆದು, ಆ ಒಡೆದ ಸಾರವನ್ನು ಕ್ರೀಮಿನಲ್ಲಿ ಬೆರೆಸಿ, 17 ಮಂದಿ ಆರೋಗ್ಯವಂತರ ಮುಂದೋಳಿಗೆ 7 ದಿನ ಹಚ್ಚಿಸಿದರು. ಅವರ ಚರ್ಮದ ಹೊರಪದರದಲ್ಲಿ ಸೆರಮೈಡ್‌ಗಳ ಪ್ರಮಾಣ ಹೆಚ್ಚಿದುದು ಕಂಡುಬಂದಿತು. ಕಾರಣವೂ ಸ್ಪಷ್ಟವಿದೆ. ಸ್ಫಿಂಗೊಮೈಲಿನ್ ಎಂಬ ಜಿಡ್ಡನ್ನು ಸೆರಮೈಡ್ ಆಗಿ ಮಾರ್ಪಡಿಸುವ ಕಿಣ್ವವು ಆ ಜೀವಿಯಲ್ಲಿದೆ. 2003ರಲ್ಲಿ ಅದೇ ಬಳಗದವರು ಎಕ್ಸಿಮಾ ಇದ್ದ ರೋಗಿಗಳಿಗೆ ಎರಡು ವಾರ ಇದನ್ನು ಹಚ್ಚಿಸಿ, ಸೆರಮೈಡ್ ಹೆಚ್ಚಿದುದನ್ನೂ ತುರಿಕೆ-ಕೆಂಪು ತಗ್ಗಿದುದನ್ನೂ ವರದಿ ಮಾಡಿದರು. ಆದುದರಿಂದ ಆ ಕಾಲೇಜು ಕನ್ಯೆ ತಾಯಿಗೆ ಹೇಳಿದುದು ಪೂರ್ತಿ ಸುಳ್ಳಲ್ಲ. ಅವಳನ್ನು ನಾವು ಹೀಗಳೆಯುವುದಿಲ್ಲ.

ಆದರೆ ಇಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು, ಸೀಸೆಯೊಳಗಿರುವುದು ಸಾಮಾನ್ಯವಾಗಿ ಜೀವಂತ ಜೀವಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ಒಪ್ಪಿದ ವ್ಯಾಖ್ಯೆಯಂತೆ ಪ್ರೊಬಯಾಟಿಕ್ ಎಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಹಿತವೆನಿಸುವ ಜೀವಂತ ಸೂಕ್ಷ್ಮಜೀವಿ. ಕ್ರೀಮು ಕೆಡದಿರಲೆಂದು ಹಾಕುವ ಸಂರಕ್ಷಕಗಳು ಒಳ್ಳೆಯ ಜೀವಿ, ಕೆಟ್ಟ ಜೀವಿ ಎಂಬ ಭೇದವೆಣಿಸುವುದಿಲ್ಲ, ಎಲ್ಲವನ್ನೂ ಕೊಲ್ಲುತ್ತವೆ. ಹೀಗಾಗಿ ತಯಾರಕರು ಜೀವಿಯನ್ನು ಒಡೆದ ಸಾರವನ್ನೋ, ಅದು ಹುದುಗಿಸಿದ ರಸವನ್ನೋ ಬಳಸುತ್ತಾರೆ. ಹಿಂಬದಿಯ ಚೀಟಿಯಲ್ಲಿ ‘ಲೈಸೇಟ್’ ಎಂದಿದ್ದರೆ ಒಡೆದ ಸಾರ. ‘ಫರ್ಮೆಂಟ್’ ಅಥವಾ ‘ಫಿಲ್ಟ್ರೇಟ್’ ಎಂದಿದ್ದರೆ ಹುದುಗಿದ ರಸ. ‘ಬಿಫಿಡಾ ಫರ್ಮೆಂಟ್ ಲೈಸೇಟ್’, ‘ಲ್ಯಾಕ್ಟೊಬ್ಯಾಸಿಲಸ್ ಫರ್ಮೆಂಟ್’ ಎಂಬ ಹೆಸರುಗಳು ಹೆಚ್ಚಾಗಿ ಕಾಣುತ್ತವೆ. ಇಂತಹ ನಿರ್ಜೀವ ಸಾರವು ಹಿತವೆಂದು ಸಿದ್ಧವಾದಾಗ ಅದಕ್ಕೆ ‘ಪೋಸ್ಟ್‌ಬಯಾಟಿಕ್’ ಎಂಬ ಹೆಸರು ಸಲ್ಲುತ್ತದೆಂದು 2021ರಲ್ಲಿ ತಜ್ಞರು ಹೇಳಿದ್ದಾರೆ.

ಎರಡನೆಯದು, ಒಂದು ಜೀವಿಯ ಗುಣ ಇನ್ನೊಂದಕ್ಕೆ ಸಲ್ಲದು. ಒಂದು ತಳಿಯ ಜೋಳದ ಇಳುವರಿಯನ್ನು ಇನ್ನೊಂದು ತಳಿಯ ಲೆಕ್ಕಕ್ಕೆ ಬರೆಯುವ ರೈತನುಂಟೆ? ಇಟಲಿಯ ಪ್ರಯೋಗ ನಡೆದುದು ಒಂದು ಜೀವಿಯ ಮೇಲೆ, ಗೊತ್ತಾದ ಪ್ರಮಾಣದಲ್ಲಿ, ಬೆರಳೆಣಿಕೆಯ ಜನರ ಮೇಲೆ. ಸೀಸೆಯಲ್ಲಿರುವುದು ಯಾವ ಜೀವಿ, ಎಷ್ಟು ಎಂಬುದನ್ನು ಮುಂಬದಿಯ ದೊಡ್ಡಕ್ಷರ ತಿಳಿಸುವುದಿಲ್ಲ. ಹಿಂಬದಿಯ ಪಟ್ಟಿಯಲ್ಲಿ ವಸ್ತುಗಳು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿರುತ್ತವೆ. ಜೀವಿಯ ಹೆಸರು ಸುಗಂಧದ ಹೆಸರಿನ ಆಚೆ ಕೊನೆಯಲ್ಲಿದ್ದರೆ ಅದು ಹೆಸರಿಗಷ್ಟೇ ಎಂದು ತಿಳಿಯಬಹುದು.

ಮೂರನೆಯದು, ಇಂತಹ ಕ್ರೀಮುಗಳಿಂದ ಆಗುವ ಹಿತದಲ್ಲಿ ದೊಡ್ಡ ಪಾಲು ಅದರಲ್ಲಿರುವ ಸಾಮಾನ್ಯ ವಸ್ತುಗಳದ್ದು. ಗ್ಲಿಸರಿನ್ ನೀರನ್ನು ಹಿಡಿಯುತ್ತದೆ. ಪೆಟ್ರೋಲಿಯಂ ಜೆಲ್ಲಿ ನೀರು ಆವಿಯಾಗದಂತೆ ಮುಚ್ಚುತ್ತದೆ. ಇವೆರಡೂ ಅಗ್ಗದ ಬೆಲೆಗೆ ಗಾಂಧಿ ಚೌಕದ ಯಾವ ಔಷಧದಂಗಡಿಯಲ್ಲಾದರೂ ದೊರೆಯುತ್ತವೆ. ಒಡೆದ ಕೈಗೆ ಬೇಕಾದುದು ಮೊದಲು ಇವು. ಇವನ್ನು ಬಿಟ್ಟು ದುಬಾರಿಯ ಸಾರಕ್ಕೆ ಹೋಗುವುದು ಬಿರುಕುಬಿಟ್ಟ ಮಾಳಿಗೆಯನ್ನು ಹಾಗೆಯೇ ಬಿಟ್ಟು ಬಾಗಿಲಿಗೆ ಬಣ್ಣ ಬಳಿದಂತೆ.

ಹಾಗಾದರೆ ಮನೆಯ ಮೊಸರನ್ನೇ ಹಚ್ಚಿದರಾಗದೆ ಎಂದು ಹಿರಿಯ ತಾಯಂದಿರು ಕೇಳುವುದು ಸಹಜ. ಮೊಸರಿನ ಹುಳಿ ಚರ್ಮದ ಹುಳಿಗೆ ಹತ್ತಿರವೇ ಇದೆ. ಗಟ್ಟಿ ಚರ್ಮದ ಮೇಲೆ ತುಸುಹೊತ್ತು ಹಚ್ಚಿ ತೊಳೆದರೆ ತಂಪೆನಿಸುತ್ತದೆ. ಆದರೆ ಪ್ರಯೋಗದಲ್ಲಿ ಬಳಸಿದ್ದು ಜೀವಿಯನ್ನು ಒಡೆದು ಒಳಗಿನ ಕಿಣ್ವವನ್ನು ಹೊರತೆಗೆದ ಸಾರ. ಗಡಿಗೆಯ ಮೊಸರಿನಲ್ಲಿ ಅದು ಕೋಶದೊಳಗೇ ಉಳಿದಿರುತ್ತದೆ. ಆದುದರಿಂದ ಎರಡನ್ನೂ ಒಂದೇ ಎನ್ನಲಾಗದು. ಅಲ್ಲದೆ ಒಡೆದ, ರಕ್ತ ಜಿನುಗುವ, ಎಕ್ಸಿಮಾ ಇರುವ ಚರ್ಮಕ್ಕೆ, ವಿಶೇಷವಾಗಿ ಹಸುಗೂಸುಗಳಿಗೆ, ಮೊಸರು, ಹಾಲಿನ ಕೆನೆ, ಕಡಲೆಹಿಟ್ಟುಗಳನ್ನು ಹಚ್ಚಲೇಬಾರದು. ಆಹಾರದ ಪ್ರೋಟೀನುಗಳು ಬಾಯಿಂದ ಹೋಗುವ ಮೊದಲು ಒಡೆದ ಚರ್ಮದಿಂದ ಒಳಸೇರಿದರೆ ಮುಂದೆ ಆ ಆಹಾರವೇ ಒಗ್ಗದಂತಾಗುವ ಅಪಾಯವಿದೆ. ಮೊಸರನ್ನು ಜೋಳದ ರೊಟ್ಟಿಯ ಜೊತೆ ಉಣ್ಣುವುದೇ ಲೇಸು.

ಎಣ್ಣೆಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರ ಮಾತಿಗೆ ವಿಜ್ಞಾನವು ಹೌದೆನ್ನುತ್ತದೆ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಂಗ್ಲಾದೇಶದ ಢಾಕಾ ಶಿಶು ಆಸ್ಪತ್ರೆಯಲ್ಲಿ ನಡೆದುದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆಯನ್ನು ಮೃದುವಾಗಿ ಹಚ್ಚಿದಾಗ, ಆಸ್ಪತ್ರೆಯಲ್ಲಿ ತಗಲುವ ರಕ್ತದ ಸೋಂಕು ಶೇಕಡಾ 41ರಷ್ಟು ಕಡಿಮೆಯಾಯಿತು. ಚರ್ಮದ ಗೋಡೆ ಬರಿಯ ಅಂದದ ಮಾತಲ್ಲ, ಜೀವದ ಮಾತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆ ಎಣ್ಣೆಯ ಗುಣ ಅದರ ಲಿನೊಲೆಯಿಕ್ ಆಮ್ಲದಲ್ಲಿದೆ. ಚರ್ಮವು ಮುಖ್ಯವಾದ ಸೆರಮೈಡ್‌ಗಳನ್ನು ಕಟ್ಟಲು ಅದು ಬೇಕೇಬೇಕು. ನಮ್ಮ ಎರೆಭೂಮಿಯ ಕುಸುಬೆ ಎಣ್ಣೆಯಲ್ಲಿ ಶೇಕಡಾ 70ಕ್ಕೂ ಮೀರಿ ಇರುವುದು ಅದೇ ಆಮ್ಲ. ಕೊಬ್ಬರಿ ಎಣ್ಣೆಯೂ ಒಣಚರ್ಮಕ್ಕೆ ಹಿತಕರ. ಆದರೆ ತಿಂಗಳು ತುಂಬದ ಕೂಸಿಗೆ ಎಣ್ಣೆ ಹಚ್ಚುವುದು ವೈದ್ಯರನ್ನು ಕೇಳಿಯೇ ಆಗಬೇಕು.

ಮನೆಗಳಲ್ಲಿ ಅನುಸರಿಸತಕ್ಕ ಕ್ರಮ ಇಷ್ಟೇ. ಸ್ನಾನದ ನೀರು ಉಗುರುಬೆಚ್ಚಗಿರಲಿ. ಹತ್ತು ನಿಮಿಷಕ್ಕೆ ಮೀರದಿರಲಿ. ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಂತಹ ಅಗತ್ಯದ ಕಡೆಗೆ ಮೀಸಲಿಟ್ಟು, ಒಣಗಿದ ಕಾಲು-ತೋಳುಗಳನ್ನು ಅದರಿಂದ ಉಜ್ಜದಿರಿ. ಮೈಯನ್ನು ಒತ್ತಿ ಒರೆಸಿ, ಇನ್ನೂ ಹಸಿಯಿರುವಾಗಲೇ ಎಣ್ಣೆ ಅಥವಾ ಜೆಲ್ಲಿ ಹಚ್ಚಿರಿ. ಮೊದಲು ನೀರು, ಅದರ ಮೇಲೆ ಮುಚ್ಚಳ ಎಂಬ ಕ್ರಮ ತಪ್ಪದಿರಲಿ. ಮಣೂಕದ ಘಟಕದಲ್ಲಿ ದುಡಿಯುವವರು ಮೊಣಕೈವರೆಗಿನ ರಬ್ಬರ್ ಕೈಚೀಲ ತೊಟ್ಟೇ ಹಣ್ಣು ಅದ್ದಬೇಕು. ಒಳಗೆ ತೆಳುವಾದ ಹತ್ತಿಯ ಕೈಚೀಲವಿದ್ದರೆ ಬೆವರಿನ ಕಾಟವಿಲ್ಲ. ಕೆಲಸ ಮುಗಿದೊಡನೆ ಸಿಹಿನೀರಿನಿಂದ ಕೈ ತೊಳೆದು, ರಾತ್ರಿ ಜೆಲ್ಲಿ ಬಳಿದು ಹತ್ತಿಯ ಬಟ್ಟೆ ಸುತ್ತಿ ಮಲಗಿದರೆ ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಘಟಕಗಳನ್ನು ನಡೆಸುವ ನಮ್ಮ ಬಂಧುಗಳೂ ಈ ಪತ್ರಿಕೆಯ ಓದುಗರಿದ್ದಾರೆ. ಒಂದು ಜೊತೆ ಕೈಚೀಲದ ವೆಚ್ಚ ಎಷ್ಟೆಂಬುದನ್ನು ಅವರು ಬಲ್ಲರು. ದುಡಿಯುವ ಕೈಯನ್ನು ಕಾಯುವುದೂ ಕಾಯಕದ ಭಾಗವೇ ಅಲ್ಲವೆ?

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಬೆಳ್ಳಗಾಗಲೆಂದೋ ತುರಿಕೆ ನಿಲ್ಲಲೆಂದೋ ಅವರಿವರ ಮಾತು ಕೇಳಿ ಸ್ಟೆರಾಯ್ಡ್ ಬೆರೆತ ಕ್ರೀಮುಗಳನ್ನು ಕೊಳ್ಳುವ ರೂಢಿ ಇನ್ನೂ ಇದೆ. ಇವು ಎರಡೇ ದಿನಗಳಲ್ಲಿ ಗುಣ ತೋರಿಸಿ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳುವಾಗಿಸಿ ಗೋಡೆಯನ್ನು ಅಡಿಪಾಯಸಹಿತ ಕೆಡವುತ್ತವೆ. ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದೆ. ಮದುವೆಗೆ ಮುನ್ನ ಹೆಣ್ಣುಮಕ್ಕಳ ಬಣ್ಣದ ಬಗೆಗೆ ಆಡುವ ಮಾತುಗಳನ್ನು ನಮ್ಮ ಮನೆಗಳಲ್ಲಿ ನಿಲ್ಲಿಸಿದರೆ ಈ ಕೇಡಿನ ಅರ್ಧ ಅಲ್ಲಿಗೇ ನಿಂತೀತು. ಹದಿನೈದು ದಿನಕ್ಕೂ ಮಾಯದ ಸೀಳು, ಕೀವು ತುಂಬಿದ ಗುಳ್ಳೆ, ಮಧುಮೇಹವಿದ್ದವರ ಹಿಮ್ಮಡಿಯ ಬಿರುಕು, ನಿದ್ದೆಗೆಡಿಸುವ ತುರಿಕೆ ಇವುಗಳಿಗೆ ಮನೆಮದ್ದು ಸಾಲದು; ತಡಮಾಡದೆ ಚರ್ಮವೈದ್ಯರಲ್ಲಿ ತೋರಿಸಬೇಕು. ನಮ್ಮ ನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅದಕ್ಕಾಗಿಯೇ ವಿಭಾಗವಿದೆ.

ಆ ತಾಯಿಯನ್ನು ನಾವು ಮತ್ತೆ ಕಂಡಿಲ್ಲ. ಈ ಬರಹ ಅವರ ಮನೆಗೆ ತಲುಪುತ್ತದೆಯೋ ಇಲ್ಲವೋ ಅರಿಯೆವು. ಆದರೆ ಇದನ್ನು ಓದುವ ಮಗಳೊಬ್ಬಳು ತನ್ನ ಮುಖಕ್ಕೆ ಸೀಸೆ ಕೊಳ್ಳುವ ಮೊದಲು ತಾಯಿಯ ಅಂಗೈಯನ್ನು ಒಮ್ಮೆ ತಿರುವಿ ನೋಡಿದರೆ, ಸಂಜೆ ಆ ಕೈಗಳಿಗೆ ತಾನೇ ಒಂದಿಷ್ಟು ಎಣ್ಣೆ ಹಚ್ಚಿದರೆ, ಅಂದು ಗಾಂಧಿ ಚೌಕದಲ್ಲಿ ನಾವು ಆಡದೆ ಉಳಿಸಿಕೊಂಡ ಮಾತು ಸಂದಾಯವಾದಂತೆ.